ಕಾಟಾದ ಕಂಪ್ಯೂಟರಿಗೆ ಬಂದ ಅತಿಥಿ

ಲಾರಿಯ ಮುಂದಿನ ಗಾಲಿ ಕಬ್ಬಿಣದ ಹಾಸಿನ ಮೇಲೆ ಏರಿದಾಗ ಒಂದು ‘ಧಡ್’, ಹಿಂದಿನ ಗಾಲಿಗಳು ಏರಿದಾಗ ಮತ್ತೆ ‘ಧಡ್ ಧಡ್’, ಆಮೇಲೆ ಒಳಗಿನ ಖೋಲಿಯಿಂದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಹಲ್ಲು ಕಡಿದಂಥ ‘ಕರ್ರ್… ಕರ್ರ್…’. ಮಧ್ಯಾಹ್ನ ಕಣ್ಣು ಮುಚ್ಚಿದರೆ ಇವತ್ತಿಗೂ ನನಗೆ ಕೇಳುವುದು ಇದೇ. ನನ್ನ ಓರಗೆಯವರಿಗೆ ಕೋಗಿಲೆಯೋ, ಅಜ್ಜಿಯ ಹಾಡೋ ನೆನಪಾಗುತ್ತದಂತೆ. ಹೌ ನೈಸ್. ನನಗೆ ಮಾತ್ರ ವಾಡಿ–ಚಿತ್ತಾಪುರ ರಸ್ತೆಯ ಮೇಲಿದ್ದ ನಮ್ಮ ಕಾಟಾ.

ಕಾಟಾ ಅಂದರೆ ಲಾರಿ ತೂಗುವ ತಕ್ಕಡಿ. ಶಹಾಬಾದ್ ಕಲ್ಲು, ಸಿಮೆಂಟು, ಸುಗ್ಗಿಯಲ್ಲಿ ತೊಗರಿ, ಎಲ್ಲವೂ ನಮ್ಮ ಆ ಹಾಸಿನ ಮೇಲೆ ಜರಾ ಹೊತ್ತು ನಿಂತು, ತೂಕದ ಚೀಟಿ ತೆಗೆದುಕೊಂಡು ಮುಂದೆ ಹೋಗುತ್ತಿದ್ದವು. ಚೀಟಿ ಕೊಡುವ ಖುರ್ಚಿಯಲ್ಲಿ ಮೊದಲು ನನ್ನ ಅಣ್ಣ ಕೂಡುತ್ತಿದ್ದ. ಅಣ್ಣ ತೀರಿಹೋದ ಮೇಲೆ ಅವನ ಹೆಂಡತಿ, ನಮ್ಮ ವೈನಿ, ಕೂತಳು. ಲಾರಿ ಡ್ರೈವರುಗಳ ನಡುವೆ ಹೆಣ್ಣುಮಗಳು ಹೆಂಗ ಕೂಡ್ತಾಳ ಅಂತ ಬೀಗರೆಲ್ಲ ಗುಸುಗುಸು ಮಾಡಿದರು. ಸ್ವಲ್ಪ ದಿನಕ್ಕೆ ಡ್ರೈವರುಗಳೇ ಗುಸುಗುಸು ಮಾಡಲು ಶುರು ಮಾಡಿದರು, ಯಾಕೆಂದರೆ ವೈನಿ ಲಾರಿಯಿಂದ ಕ್ಲೀನರನನ್ನು, ಅವನ ಹಾಸಿಗೆಯನ್ನು, ಒಮ್ಮೆ ಯಾರದೋ ಜಾತ್ರೆಗೆ ಹೊರಟಿದ್ದ ಹೋತವನ್ನು ಕೂಡ ಇಳಿಸಿಯೇ ತೂಗುತ್ತಿದ್ದಳು.

ವೈನಿಗೂ ನನಗೂ ಒಂದೇ ವಯಸ್ಸು. ಆಕೆ ಚಿಂಚೋಳಿ ಕಡೆಯ ಸುಲೇಪೇಟದಾಕಿ. ಮಾತು ಕನ್ನಡ, ಲೆಕ್ಕ ಉರ್ದು, ಸಿಟ್ಟು ತೆಲುಗು. ಇಂಗ್ಲಿಷ್ ಮಾತ್ರ ಇಲ್ಲ. ನಾನು ಕಾನ್ವೆಂಟಿನಲ್ಲಿ ಓದಿದಾಕಿ. ಸಿಸ್ಟರುಗಳು ಕಲಿಸಿದ ಟೇಬಲ್ ಮ್ಯಾನರ್ಸು ಈ ಸೀಮೆಯಲ್ಲಿ ಎಲ್ಲಿಯೂ ಉಪಯೋಗಕ್ಕೆ ಬರಲಿಲ್ಲ, ಆದರೆ ಅವರ ಇಂಗ್ಲಿಷ್ ನನ್ನನ್ನು ಶಹಾಬಾದಿನ ಒಂದು ಫ್ಯಾಕ್ಟರಿಯ ಕಂಪ್ಯೂಟರ್ ಸೆಕ್ಷನ್ನಿಗೆ ಒಯ್ದು ಕೂಡಿಸಿತು. ರಿಟೈರ್ ಆಗಿ ಸೇಡಮಿನಲ್ಲಿ ಮನೆ ಮಾಡಿದ ಮೇಲೂ ವಾರಕ್ಕೆರಡು ಸಲ ಬಸ್ಸು ಹತ್ತಿ ಕಾಟಾಕ್ಕೆ ಬರುತ್ತಿದ್ದೆ. ವೈನಿಯ ಜೊತೆ ಹರಟೆ, ಸ್ವಲ್ಪ ಜಗಳ, ಊಟ. ಅದೇ ನನ್ನ ಕ್ಲಬ್ಬು.

ಕಾಟಾದ ಕಂಪ್ಯೂಟರು ನನ್ನ ಫ್ಯಾಕ್ಟರಿ ದಿನಗಳ ಕಾಲದ್ದು. ವಿಂಡೋಸ್ ಇಲ್ಲ, ಮೌಸ್ ಇಲ್ಲ, ಬಣ್ಣ ಇಲ್ಲ. ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರ, ಹೆಸರು ಡಾಸ್. ಒಂದು ಹೊತ್ತಿಗೆ ಒಂದೇ ಕೆಲಸ ಅದಕ್ಕೆ. ತೂಗುತ್ತಿದ್ದರೆ ತೂಗುತ್ತದೆ, ನಡುವೆ ಟೈಮ್ ಎಷ್ಟು ಅಂತ ಕೇಳಿದರೂ ಹೇಳುವುದಿಲ್ಲ. ವೈನಿಗೆ ಅದರ ಮೇಲೆ ಭಾಳ ಪ್ರೀತಿ. ದಿನಾ ಮುಂಜಾನೆ ತನ್ನ ಹಣೆಗೆ ವಿಭೂತಿ ಹಚ್ಚಿಕೊಂಡ ಮೇಲೆ ಅದರ ಹಣೆಗೂ ಮೂರು ಬೆರಳು ಎಳೆಯುತ್ತಿದ್ದಳು. ಅದರ ಹಣೆ ಅಂದರೆ ಫ್ಲಾಪಿ ಹಾಕುವ ಸಂದು. ವರ್ಷಾನುಗಟ್ಟಲೆ ವಿಭೂತಿ ಒಳಗೆ ಇಳಿದು ಫ್ಲಾಪಿ ಡ್ರೈವು ಎಂದೋ ಲಿಂಗೈಕ್ಯವಾಗಿತ್ತು.

ಹೀಗಿರುವಾಗ ಶಹಾಬಾದಿನ ಕಲ್ಲಿನ ವ್ಯಾಪಾರಿಗಳ ಸಂಘದ ಆಫೀಸಿನಿಂದ ಒಂದು ಫರ್ಮಾನು ಬಂತು. ಇನ್ನು ಮೇಲೆ ಪ್ರತಿ ಕಾಟಾದ ದಿನದ ತೂಕವೆಲ್ಲ ಫೈಲಾಗಿ ಆಫೀಸಿಗೆ ಮುಟ್ಟಬೇಕು. ಮಧ್ಯಾಹ್ನದ ಹೊತ್ತಿಗೆ ಆಫೀಸಿನ ಕಂಪ್ಯೂಟರು ತಂತಿಯ ಮೂಲಕ ತಾನೇ ಒಂದೊಂದೇ ಕಾಟಾಕ್ಕೆ ಬಂದು ಫೈಲು ಒಯ್ಯುತ್ತದೆ. ಫೈಲು ಸಿಗದ ಕಾಟಾಕ್ಕೆ ಸಂಘದ ಲಾರಿ ಬರುವುದಿಲ್ಲ. ಮರುವಾರವೇ ಯಾರೋ ಬಂದು ಗೋಡೆಗೆ ಒಂದು ಡಬ್ಬಿ ಬಡಿದು, ತಂತಿ ಎಳೆದು ಹೋದರು.

ಡಬ್ಬಿಯ ಸುದ್ದಿ ಕೇಳಿ ನನ್ನ ತಮ್ಮ ಅವತ್ತೇ ಕಾಟಾಕ್ಕೆ ಬಂದ. ಜಾಗದಲ್ಲಿ ಅವನದೂ ಪಾಲಿದೆ.

“ವೈನಿ, ಈ ಹಳೇ ಡಬ್ಬಾ ಕಂಪ್ಯೂಟರಕ್ಕ ಅದೆಲ್ಲಾ ಆಗೂದಲ್ಲ. ಹೊಸಾದಕ್ಕ ಈ ಕಾಟಾದ ಭಾಷಾ ತಿಳಿಯೂದಿಲ್ಲ. ಇದರ ಪ್ರೋಗ್ರಾಮ್ ಬರದಾಂವ ಎಲ್ಲದಾನೋ ಏನೋ. ಲಾರಿ ನಿಂತ ಮ್ಯಾಲೆ ಇಲ್ಲಿ ಕುಂತು ಏನ್ ಮಾಡ್ತೀರಿ? ಜಾಗಾ ಧಾಬಾಕ್ಕ ಕೇಳ್ಲಿಕತ್ತಾರ. ಕೊಟ್ಟು ಬಿಡೂನು. ನೀವು ಮನ್ಯಾಗ ಆರಾಮ್ ಕುಂದ್ರಿ.”

“ಮನ್ಯಾಗ ಏನ್ ನೋಡ್ಕೋತ ಕುಂದರ್ಲಿ?”

“ಟೀವಿ ನೋಡ್ರಿ.”

“ಟೀವ್ಯಾಗ ಲಾರಿ ಬರ್ತಾವೇನು?”

ತಮ್ಮ ನನ್ನ ಮುಖ ನೋಡಿದ. ನಾನು ಕಿಟಕಿಯ ಹೊರಗೆ ನೋಡಿದೆ. ‘ಆರಾಮ್’ ಅನ್ನುವ ಶಬ್ದ ಕೇಳಿದಾಗ ವೈನಿಯ ಕೈ ಖುರ್ಚಿಯ ಹಿಡಿಕೆಯನ್ನು ಹೆಂಗೆ ಗಟ್ಟಿ ಹಿಡಿಯಿತು ಅಂತ ಅವನು ನೋಡಲಿಲ್ಲ, ನಾನು ನೋಡಿದೆ. ಅವನು ಹೋದ ಮೇಲೆ ವೈನಿ ಹೇಳಿದ್ದು ಇಷ್ಟೇ: “ತಂಗೆವ್ವಾ, ನೀ ಕಾನ್ವೆಂಟ್‌ನಾಗ ಕಲ್ತಾಕಿ. ಈ ಖುರ್ಚಿ ಉಳಿಸಿ ಕೊಡು.”

ಕಾನ್ವೆಂಟಿನಲ್ಲಿ ಎಫ್‌ಟಿಪಿ, ಅಂದರೆ ತಂತಿಯಲ್ಲಿ ಫೈಲು ಸಾಗಿಸುವ ವಿದ್ಯೆ, ಕಲಿಸುವುದಿಲ್ಲ ಅಂತ ಹೇಳುವ ಧೈರ್ಯ ನನಗಾಗಲಿಲ್ಲ.

ಸೇಡಮಿಗೆ ಹೋಗಿ ಇಂಟರ್ನೆಟ್ಟಿನಲ್ಲಿ ಹುಡುಕಿದೆ. ನನಗೆ ಆಶ್ಚರ್ಯ ಆದದ್ದು ಏನಂದರೆ, ಡಾಸ್ ಸತ್ತಿಲ್ಲ. ಜಗತ್ತಿನ ಯಾವ್ಯಾವುದೋ ಮೂಲೆಯಲ್ಲಿ ನನ್ನಂಥ ಹುಚ್ಚರು ಆ ಮುದಿ ಯಂತ್ರಗಳಿಗೆ ಇನ್ನೂ ಹೊಸ ಸಾಫ್ಟ್‌ವೇರ್ ಬರೆದು ಪುಗಸಟ್ಟೆ ಹಂಚುತ್ತಿದ್ದಾರೆ. ಸೋ ಸ್ವೀಟ್ ಆಫ್ ದೆಮ್. ಅದರಲ್ಲಿ ಒಂದು ಫೈಲ್ ಟ್ರಾನ್ಸ್‌ಫರ್ ಸರ್ವರು, ಫ್ಲಾಪಿಯ ಒಂದು ಮೂಲೆಗೂ ಸಾಲದಷ್ಟು ಪುಟ್ಟದು. ಮನೆಯ ಹಳೆಯ ಪಿಸಿಯಲ್ಲಿ ಅದನ್ನು ಫ್ಲಾಪಿಗೆ ಇಳಿಸಿದೆ. ವಾಡಿಯ ಗುಜರಿಯಲ್ಲಿ ಒಂದು ಫ್ಲಾಪಿ ಡ್ರೈವೂ, ಒಂದು ನೆಟ್‌ವರ್ಕ್ ಕಾರ್ಡೂ ಸಿಕ್ಕವು, ಎರಡನ್ನೂ ಕಾಟಾದ ಕಂಪ್ಯೂಟರಿಗೆ ಕೂಡಿಸಿದೆ. ಡ್ರೈವು ನನ್ನ ಆ ಒಂದು ಫ್ಲಾಪಿ ಓದಿ ಮುಗಿಸಿ, ‘ಟಕ್’ ಅಂತ ಸದ್ದು ಮಾಡಿ ಪ್ರಾಣ ಬಿಟ್ಟಿತು. ಮುಂಚೆ ಬಿಡಲಿಲ್ಲವಲ್ಲ, ದಟ್ ವಾಸ್ ವೆರಿ ಡೀಸೆಂಟ್.

ಕಪ್ಪು ಪರದೆಯ ಮೇಲೆ ಸರ್ವರು ಎದ್ದು, ಯಾರಾದರೂ ಬರಲಿ ಅಂತ ಕಾಯುತ್ತಾ ಕೂತಿತು. ವೈನಿ ಬಗ್ಗಿ ನೋಡಿದಳು.

“ಈಗ ಇದು ಏನ್ ಮಾಡಾಕತ್ತದ?”

“ಏನೂ ಮಾಡೂದಿಲ್ಲ. ದರ್ವಾಜಾ ತಗದು ಕುಂತದ. ಆಫೀಸಿನ ಕಂಪ್ಯೂಟರ್ ಬಂದು ಹೆಸರು ಹೇಳ್ತದ, ಪಾಸ್‌ವರ್ಡ್ ಹೇಳ್ತದ, ಫೈಲ್ ಒಯ್ತದ.”

“ನಾವು ಕಳಸೂದಿಲ್ಲೇನು?”

“ಇಲ್ಲ. ಅವರೇ ಬಂದು ಒಯ್ತಾರ. ಬೇಕಿದ್ರ ಹೆಸರು ಹೇಳದವ್ರಿಗೂ ಒಳಗ ಬಿಡಬಹುದು, ಅಂಥಾದೊಂದು ಸೌಲತ್ತೂ ಅದ.”

“ಹೆಸರು ಹೇಳದಾಂವನ್ನ ನಾ ಅಂಗಳದಾಗೂ ನಿಂದರ್ಸೂದಿಲ್ಲ.”

ಆ ಸೌಲತ್ತನ್ನು ಬಂದ್ ಮಾಡಿದೆ. ಇನ್ನೊಂದು ವಿಷಯ ಹೇಳುವುದು ಬಾಕಿ ಇತ್ತು. ಡಾಸ್‌ಗೆ ಒಂದೇ ಕೆಲಸವಲ್ಲವೇ. ಸರ್ವರು ದರ್ವಾಜಾ ತೆಗೆದು ಕೂತಷ್ಟು ಹೊತ್ತು ತೂಕ ಬಂದ್. ವೈನಿ ಬೈಯುತ್ತಾಳೆ ಅಂದುಕೊಂಡಿದ್ದೆ. ಆಕೆ ತಲೆಯಾಡಿಸಿದಳು.

“ಖರೆ ಅದ. ಮನಿಗೆ ಮಂದಿ ಬಂದಾಗ ದಂಧೆ ಮಾಡಬಾರ್ದು.” ಸ್ವಲ್ಪ ಯೋಚಿಸಿ ಕೇಳಿದಳು, “ಬಂದವರಿಗೆ ಇದು ಏನಂತದ?”

ಸರ್ವರು ಬಂದವರಿಗೆ ಮೊದಲು ಒಂದು ವೆಲ್ಕಮ್ ಮೆಸೇಜು ತೋರಿಸುತ್ತದೆ. ನಮ್ಮ ಸರ್ವರಿನದು ಒಣ ಇಂಗ್ಲಿಷಿನಲ್ಲಿ ತನ್ನ ಹೆಸರು, ತನ್ನ ನಂಬರು ಹೇಳಿ ಸುಮ್ಮನಾಗುತ್ತಿತ್ತು. ಅದನ್ನು ಓದಿ ಅರ್ಥ ಹೇಳಿದೆ.

“ಇಷ್ಟೇನಾ? ಶಹಾಬಾದದಿಂದ ಬಂದವರಿಗೆ ಬರ್ರಿ ಅನ್ನೂದಿಲ್ಲ, ಕುಂದ್ರಿ ಅನ್ನೂದಿಲ್ಲ, ತನ್ನ ಹೆಸರೇ ಹೇಳ್ಕೋತದೇನು? ಏನು ಜಂಬದ್ದವ್ವ ಇದು. ನೀ ಬರಿ ಅದರಾಗ.”

ಬರೆದೆ. ಬರೆಯಬಹುದು ಅಂತ ಸಾಫ್ಟ್‌ವೇರಿನ ಜೊತೆ ಬಂದ ಸೂಚನೆಯ ಫೈಲಿನಲ್ಲೇ ಇತ್ತು. ಇಂಗ್ಲಿಷ್ ಅಕ್ಷರದಲ್ಲಿ, ಮೊದಲ ಸಾಲು ‘ಬರ್ರಿ’, ಎರಡನೆಯ ಸಾಲು ‘ಕುಂದ್ರಿ’. ಆ ಪುಟ್ಟ ಸರ್ವರಿನಲ್ಲಿ ಒಂದು ಸಾಲಿಗೆ ಒಂದು ಮಾತಿಗಿಂತ ಹೆಚ್ಚು ಹಿಡಿಸುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಕಾಟಾ ನಿಲ್ಲಿಸಿದೆವು. ಹೊರಗೆ ಲಾರಿ ಸಾಲುಗಟ್ಟಿದವು. ದಂಡೋತಿ ಕಡೆಯ ಒಬ್ಬ ಡ್ರೈವರು ಕಿಟಕಿಗೆ ಬಂದ.

“ಅಮ್ಮಾರ, ಯಾಕ ಬಂದ್ ಮಾಡೀರಿ?”

“ಶಹಾಬಾದದವ್ರು ಬರೂರದಾರ.”

“ಎಲ್ಲಿ, ರಸ್ತಾದಾಗ ಯಾರೂ ಕಾಣವಲ್ರು.”

“ತಂತ್ಯಾಗ ಬರ್ತಾರ. ನೀ ಊಟ ಮಾಡು ಹೋಗು.”

ಪರದೆಯ ಮೇಲೆ ಒಂದು ಸಾಲು ಮೂಡಿತು: ಯಾರೋ ಬಂದರು. ವೈನಿ ಥಟ್ಟನೆ ತಲೆಯ ಮೇಲೆ ಸೆರಗು ಎಳೆದುಕೊಂಡು ನೆಟ್ಟಗೆ ಕೂತಳು. ನಾನು ನಕ್ಕೆ ಅಂದುಕೊಳ್ಳಬೇಡಿ. ನಾನೂ ನೆಟ್ಟಗೆ ಕೂತಿದ್ದೆ. ಬಂದವರು ಒಂದಿಷ್ಟು ಹೊತ್ತು ಇದ್ದರು, ಆಮೇಲೆ ಹೋದರು. ಫೈಲು ಒಯ್ಯಲಿಲ್ಲ.

“ಬಂದ, ನಿಂತ, ಹೋದ,” ಅಂದಳು ವೈನಿ. “ಮಾತೇ ಆಡ್ಲಿಲ್ಲ. ಏನರೆ ತಪ್ಪಾತೇನು?”

ನಾನು ತಂತಿ ನೋಡಿದೆ, ಕಾರ್ಡು ನೋಡಿದೆ, ಪಾಸ್‌ವರ್ಡು ತಿರುಗಿ ಬರೆದೆ. ತಮ್ಮನ ಲ್ಯಾಪ್‌ಟಾಪಿನಿಂದ ನಾನೇ ಒಳಗೆ ಹೋಗಿ ನೋಡಿದೆ. ಬರ್ರಿ, ಕುಂದ್ರಿ ಅಂತ ಚೆಂದವಾಗಿ ಕರೆದು ಫೈಲು ಕೊಟ್ಟಿತು. ಪರ್ಫೆಕ್ಟ್. ಮಾರನೆಯ ದಿನ ಆಫೀಸಿನವರು ಮತ್ತೆ ಬಂದರು, ಮತ್ತೆ ಬರಿಗೈಲಿ ಹೋದರು.

ವೈನಿಯ ಮಟ್ಟಿಗೆ ಕಾರಣ ಸ್ಪಷ್ಟವಾಗಿತ್ತು. “ಬಿಸಲಾಗ ಬಂದವರಿಗೆ ಬರೇ ಕುಂದ್ರಿ ಅಂದ್ರ ಯಾರ್ ಕುಂದರ್ತಾರ? ನೀರು ಕೇಳು.” ಮೂರನೆಯ ಸಾಲು ಸೇರಿಸಿದೆ: ನೀರು ಕುಡೀರಿ. ಆಗಲೂ ಹೋದರು. “ಚಹಾ ಕೇಳು.” ಚಹಾ ತಗೊಳ್ರಿ. ಹೋದರು. “ಸಿಟ್ಟಿಲೆ ಅದಾರ,” ಅಂತ ತೀರ್ಮಾನಿಸಿದಳು ವೈನಿ. “ಊಟಕ್ಕ ಹೇಳು.” ಊಟ ಮಾಡ್ರಿ ಅಂತ ಐದನೆಯ ಸಾಲು ಬಿತ್ತು. ಅವತ್ತು ಬಂದವರು ಎಂದಿಗಿಂತ ಬೇಗ ಹೋದರು.

ಸಂಘದಿಂದ ಫೋನು ಬಂತು. ನಿಮ್ಮ ಕಾಟಾದ ಫೈಲು ಒಂದು ದಿನವೂ ಸಿಕ್ಕಿಲ್ಲ, ಬರುವ ಸೋಮವಾರದಿಂದ ಲಾರಿ ಬರುವುದಿಲ್ಲ.

ತಮ್ಮನಿಗೆ ಇದು ಹೆಂಗೆ ತಿಳಿಯಿತೋ, ಶನಿವಾರ ಅಳತೆ ಟೇಪು ಹಿಡಿದು ಬಂದ. ಧಾಬಾದ ಒಲೆ ಎಲ್ಲಿ, ಗಲ್ಲಾ ಎಲ್ಲಿ ಅಂತ ಗೋಡೆಯಿಂದ ಗೋಡೆಗೆ ಟೇಪು ಎಳೆಯತೊಡಗಿದ. ವೈನಿ ಖುರ್ಚಿ ಬಿಟ್ಟು ಏಳಲಿಲ್ಲ. ಟೇಪು ಅವಳ ಕಾಲ ಬುಡಕ್ಕೆ ಬಂತು.

“ವೈನಿ, ಜರಾ ಏಳ್ರಿ.”

“ನನ್ನ ಹಿಡದೇ ಅಳತಿ ಮಾಡು. ಧಾಬಾದಾಗ ನಾನೂ ಇರ್ತೀನಲ್ಲ, ಇಲ್ಲೇ ಕುಂತು.”

“ಅಕ್ಕಾ, ನೀ ಜರಾ ಹೇಳು ಇವರಿಗೆ,” ಅಂದ ನನಗೆ.

“ನಾ ಏನ್ ಹೇಳಲಿ? ಐ ಆಮ್ ಓನ್ಲಿ ದ ಟೆಕ್ನೀಷಿಯನ್,” ಅಂದೆ. ಸೋಮವಾರ ಈ ಖುರ್ಚಿ ಖಾಲಿಯಾದರೆ ವೈನಿ ನನ್ನ ಮೇಲೆ ಸಿಟ್ಟಾಗುವುದಿಲ್ಲ ಅನ್ನುವುದೇ ನನಗೆ ಹೆಚ್ಚು ಸಂಕಟವಾಗಿತ್ತು.

ಅದೇ ಹೊತ್ತಿಗೆ ಬಾಗಿಲ ಮುಂದೆ ಒಂದು ಮೋಟಾರ್ ಸೈಕಲ್ ನಿಂತಿತು. ಹುಬ್ಬಿನವರೆಗೂ ಕಲ್ಲಿನ ಬಿಳಿ ಧೂಳು ಹತ್ತಿದ ಒಬ್ಬ ನಡುವಯಸ್ಸಿನ ಗಂಡಸು ಒಳಗೆ ಬಂದು, ನಮ್ಮ ಮೂವರನ್ನೂ, ಟೇಪನ್ನೂ ನೋಡಿ, “ಚಹಾ ಇಲ್ಲೇ ಏನ್ರಿ?” ಅಂದ.

ತಮ್ಮ, “ಇನ್ನೂ ಶುರು ಆಗಿಲ್ಲ,” ಅಂದ.

“ದಿನಾ ಕರೀತೀರಿ ಮತ್ತ. ನಾ ಶಹಾಬಾದದಾಗ ಸಂಘದ ಆಫೀಸಿನಾಂವ. ಕಂಪ್ಯೂಟರ್ ನೋಡ್ಕೊಳ್ಳಾಂವ. ಹದಿನೈದು ಕಾಟಾ ನೋಡ್ತೀನಿ, ಯಾವ ಕಾಟಾನೂ ಇಲ್ಲೀತನಕ ನನಗ ಕುಂದ್ರಿ ಅಂದಿಲ್ಲ. ಮೊದಲನೇ ದಿನ ಯಾರೋ ಚಾಷ್ಟಿ ಮಾಡ್ಲಿಕತ್ತಾರ ಅಂದೆ. ನಿನ್ನೆ ನನ್ನ ಪರದಿ ಮ್ಯಾಲೆ ಊಟಾ ಮಾಡ್ರಿ ಅಂತ ಬಂತು. ಇವತ್ತ ಡಬ್ಬಿ ತರ್ಲಿಲ್ರಿ ನಾ.”

ವೈನಿ ಖುರ್ಚಿಯಿಂದ ಎದ್ದಳು. ತಮ್ಮ ಇಡೀ ಮುಂಜಾನೆ ಎಬ್ಬಿಸಲಾಗದವಳು ಎದ್ದು, “ಕುಂದ್ರಿ ಸಾಹೇಬ್ರ,” ಅಂತ ಅವನನ್ನು ಅದೇ ಖುರ್ಚಿಯಲ್ಲಿ ಕೂಡಿಸಿ, ನೀರು ಕೊಟ್ಟಳು. ಆಮೇಲೆ ತನ್ನ ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅವನು ಮಾತಾಡದೆ ಎರಡು ರೊಟ್ಟಿ ತಿಂದ. ಮೂರನೆಯದಕ್ಕೆ ಕೈ ಹಾಕುವಾಗ ಅವನಿಗೆ ಬಂದ ಕೆಲಸ ನೆನಪಾಯಿತು.

“ಏನಾಗಿದಂದ್ರ ಅಮ್ಮಾರ, ನಮ್ಮ ಪ್ರೋಗ್ರಾಮಿಗೆ ಒಂದು ಮಾತಿಗೆ ಒಂದೇ ಸಾಲು ಕೇಳಿ ರೂಢಿ. ಅದು ಬರ್ತದ. ನೀವು ಬರ್ರಿ ಅಂತೀರಿ. ಛಲೋ ಆತು. ತನ್ನ ಹೆಸರು ಹೇಳ್ತದ. ಅದಕ್ಕ ಉತ್ತರ ಏನು ಬರ್ತದ? ಕುಂದ್ರಿ. ಪಾಸ್‌ವರ್ಡ್ ಹೇಳ್ತದ. ನೀರು ಕುಡೀರಿ. ಫೈಲ್ ಕೊಡ್ರಿ ಅಂತದ. ಚಹಾ ತಗೊಳ್ರಿ. ಅದರ ತಲಿ ಕೆಟ್ಟು, ಏನೂ ಬ್ಯಾಡ ಅಂತ ವಾಪಸ್ ಬರ್ತದ.”

ತಮ್ಮ ಟೇಪು ಕೈಯಲ್ಲಿ ಹಿಡಿದೇ ನಕ್ಕ. ನನಗೆ ಮಾತ್ರ ಅವಮಾನವಾಯಿತು, ನನ್ನ ಸರ್ವರಿನ ಪರವಾಗಿ.

“ಎಕ್ಸ್‌ಕ್ಯೂಸ್ ಮಿ,” ಅಂದೆ. “ವೆಲ್ಕಮ್ ಎಷ್ಟು ಸಾಲಾದ್ರೂ ಇರಬಹುದು ಅಂತ ರೂಲ್ ಅದ. ಇನ್ನೂ ಸಾಲು ಅದಾವ ಅಂತ ನಮ್ಮ ಸರ್ವರು ಗುರುತು ಮಾಡಿ ಹೇಳ್ತದ. ಎದುರಿನವರ ಮಾತು ಪೂರ್ತಿ ಕೇಳೋ ಮ್ಯಾನರ್ಸ್ ನಿಮ್ಮ ಪ್ರೋಗ್ರಾಮಿಗೆ ಇಲ್ಲ.”

“ಖರೆ ಅದರಿ ಮೇಡಮ್. ಆದ್ರ ಅದನ್ನ ನಾ ಬರದಿಲ್ಲ. ನಾ ನೌಕರಿಗೆ ಬರೂಕಿಂತ ಮೊದಲೇ ಇತ್ತು. ಮುಟ್ಟಿದ್ರ ಎಲ್ಲಾ ಕಾಟಾ ಬಂದ್ ಬೀಳ್ತಾವ. ನೀವೇ ಒಂದು ಸಾಲು ಮಾಡ್ಕೊಳ್ರಿ. ಏನರೆ ಇರ್ಲಿ, ಒಂದೇ ಇರ್ಲಿ.”

“ಎಲ್ಲಾ ತಗದು ಮೊದಲಿನ ಇಂಗ್ಲಿಷೇ ಇಡ್ತೀನಿ,” ಅಂದೆ ವೈನಿಗೆ.

“ತಡಿ,” ಅಂದಳು. ರೊಟ್ಟಿಯ ಡಬ್ಬಿಯ ಮುಚ್ಚಳ ಹಿಡಿದುಕೊಂಡು ಯೋಚಿಸಿದಳು. “ಒಂದಂದ್ರ ಒಂದು ಇಡಬಹುದಲ್ಲ?”

“ಇಡಬಹುದು.”

“ಬರ್ರಿ ಬ್ಯಾಡ. ಬಂದೇ ಬಿಟ್ಟಿರ್ತಾರ. ಚಹಾ, ನೀರು ಆ ಮಶೀನಿಗೆ ಯಾಕ? ಊಟಾ ಇವರಿಗೆ ನಾ ಕೈಲೇ ಹಾಕ್ದೆ. ಕುಂದ್ರಿ ಅಂತ ಒಂದು ಇಡು. ಯಾರನ್ನೂ ನಿಂದರ್ಸಬಾರ್ದು.”

ನಾಲ್ಕು ಸಾಲು ಅಳಿಸಿದೆ. ಆಫೀಸಿನವನು ಫೋನು ಹಚ್ಚಿ, ಈಗ ಪ್ರೋಗ್ರಾಮ್ ಬಿಡ್ರಿ ಅಂತ ಯಾರಿಗೋ ಹೇಳಿದ. ಪರದೆಯ ಮೇಲೆ ಸಾಲು ಮೂಡಿತು. ಬಂದರು. ಕುಂದ್ರಿ ಅಂದಿತು. ಹೆಸರು ಹೇಳಿದರು, ಪಾಸ್‌ವರ್ಡು ಹೇಳಿದರು, ಫೈಲು ಕೇಳಿದರು. ನಮ್ಮ ಮುದಿ ಡಾಸು ಒಂದು ಸಲ ಉಸಿರೆಳೆದುಕೊಂಡಂತೆ ಮಾಡಿ, ವಾರದ ತೂಕವನ್ನೆಲ್ಲ ಕೊಟ್ಟು ಕಳಿಸಿತು. ಅತ್ತಲಿಂದ ಫೋನಿನಲ್ಲಿ ಬಂತು ಬಂತು ಅಂದದ್ದು ನಮಗೂ ಕೇಳಿಸಿತು.

ತಮ್ಮ ಟೇಪಿನ ಗುಂಡಿ ಒತ್ತಿದ. ಅದು ಸರ್ರನೆ ಒಳಗೆ ಹೋಯಿತು.

“ಸೋಮವಾರ?” ಅಂತ ಕೇಳಿದಳು ವೈನಿ.

“ಲಾರಿ ಬರ್ತಾವ್ರಿ,” ಅಂದ ಆಫೀಸಿನವನು. “ನಾ ಬರೂದು ಯಾವಾಗ ಅಂತ ನೀವು ಕೇಳ್ಲಿಲ್ಲ.”

“ಬುಧವಾರ ಬರ್ರಿ. ಬದನೀಕಾಯಿ ಎಣ್ಣೆಗಾಯಿ ಮಾಡ್ತೀನಿ.”

ಬುಧವಾರ ಅವನು ಖರೆ ಬಂದ. ತಮ್ಮನೂ ಬಂದ, ಎಣ್ಣೆಗಾಯಿಯ ಸುದ್ದಿ ಅವನ ಎದುರೇ ಆಗಿತ್ತಲ್ಲ. ಧಾಬಾದ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಆಮೇಲೆ ಯಾರಾದರೂ ಕೇಳಿದರೆ, ಅಲ್ಲಿ ಈಗಾಗಲೇ ಒಂದು ನಡೀಲಿಕತ್ತದ ಅನ್ನುತ್ತಿದ್ದನಂತೆ. ಎರಡು ಸುಗ್ಗಿ ಹಾಗೇ ನಡೆಯಿತು. ದಿನಾ ಮಧ್ಯಾಹ್ನ ಕಾಟಾ ನಿಲ್ಲುವುದು, ಡ್ರೈವರುಗಳು ಬೇವಿನ ಬುಡದಲ್ಲಿ ಬುತ್ತಿ ಬಿಚ್ಚುವುದು. ಶಹಾಬಾದದವ್ರು ಬಂದು ಹೋದ್ರೇನ್ರಿ ಅಂತ ಅವರೇ ಕೇಳುವಷ್ಟು ರೂಢಿಯಾಯಿತು. ಚಿತ್ತಾಪುರದ ಹೊಸ ಕಾಟಾದಲ್ಲಿ ಎಲ್ಲವೂ ಒಟ್ಟೊಟ್ಟಿಗೆ ನಡೆಯುತ್ತದೆ, ನಿಲ್ಲಿಸುವುದೇ ಇಲ್ಲ ಅಂತ ಒಬ್ಬ ಡ್ರೈವರು ಹೇಳಿದಾಗ ಇನ್ನೊಬ್ಬ, ಹಂಗಾದ್ರ ಅಲ್ಲಿ ಉಣ್ಣೂದು ಯಾವಾಗ ಅಂದನಂತೆ.

ನಾನು ವೈನಿಯನ್ನು ಕೊನೆಯ ಸಲ ನೋಡಿದ್ದು ನನ್ನ ಮೊಣಕಾಲಿನ ಆಪರೇಷನ್ನಿಗೆ ಹೈದರಾಬಾದಿಗೆ ಹೊರಟ ದಿನ. ನನ್ನ ರೈಲು ಸೇಡಮಿನಲ್ಲಿ ನಿಲ್ಲುತ್ತಿರಲಿಲ್ಲ, ವಾಡಿಯಲ್ಲಿ ಹಿಡಿಯಬೇಕಿತ್ತು. ಆಟೋದವನಿಗೆ ಹೇಳಿ ಕಾಟಾದ ಮುಂದೆ ನಿಲ್ಲಿಸಿದೆ. ಆಕೆ ಇನ್ನು ಬಹಳ ದಿನ ಇರುವುದಿಲ್ಲ ಅಂತ ಆಕೆಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆಕೆ ಹೋದ ಸುದ್ದಿ ನನಗೆ ಆಸ್ಪತ್ರೆಯ ಹಾಸಿಗೆಯ ಮೇಲೆ ಫೋನಿನಲ್ಲಿ ಬಂತು. ನಾನು ಹೊರಟ ಆ ದಿನ ಕಾಟಾದ ಹಾಸಿನ ಮೇಲೆ ಕಲ್ಲು ತುಂಬಿದ ಒಂದು ದೊಡ್ಡ ಲಾರಿ ನಿಂತಿತ್ತು. ಕಿಟಕಿಯೊಳಗೆ ವೈನಿ ಖುರ್ಚಿಯ ತುದಿಗೆ ಕೂತು ತೂಕದ ಅಂಕಿ ನೋಡುತ್ತಿದ್ದಳು. ಅಂಕಿ ಅಲುಗಾಡುವುದು ನಿಲ್ಲುವವರೆಗೆ ಆಕೆ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ನಾನು ಆಟೋದಿಂದ, “ವೈನೀ, ಹೋಗಿ ಬರ್ತೀನಿ,” ಅಂತ ಕೂಗಿದೆ. ಆಕೆ ಈ ಕಡೆ ತಿರುಗಲಿಲ್ಲ. ತಡಿ ಅನ್ನುವ ಹಾಗೆ ಅಂಗೈ ಮೇಲಕ್ಕೆತ್ತಿದಳು. ನಾನು ಸ್ವಲ್ಪ ಹೊತ್ತು ತಡೆದೆ. ಲಾರಿಯ ಇಂಜಿನ್ನು ನಡುಗುತ್ತಿತ್ತು, ಅಂಕಿ ನಿಲ್ಲುತ್ತಿರಲಿಲ್ಲ. ರೈಲಿನ ಹೊತ್ತಾಯಿತು ಅಂತ ಆಟೋದವನು ಬಿಟ್ಟುಬಿಟ್ಟ. ತಿರುವಿನಲ್ಲಿ ಹೊರಳಿ ನೋಡಿದಾಗಲೂ ವೈನಿಯ ಕೈ ಮೇಲೆಯೇ ಇತ್ತು.